ಲಾಸ್ ಏಂಜಲಿಸಿನಲ್ಲಿ ನಾನು ಬಿಟ್ಟ ಇಂಟರ್‌ವಲ್

ವಿಮಾನ ನಿಲ್ದಾಣ

ಪಾಸ್‌ಪೋರ್ಟ್ ನೋಡುವ ಅಧಿಕಾರಿ ನನ್ನ ಮುಖವನ್ನೂ ಫೋಟೋವನ್ನೂ ಎರಡೆರಡು ಸಲ ನೋಡಿ, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ. ಬೆಂಗಳೂರಿನಿಂದ ಹೊರಡುವ ಮೊದಲೇ ನನ್ನ ತಮ್ಮ ರಾಘು ಫೋನಿನಲ್ಲಿ ಪಾಠ ಹೇಳಿಕೊಟ್ಟಿದ್ದ. "ಅಕ್ಕಾ, ಹೌಸ್‌ವೈಫ್ ಅಂತ ಹೇಳು, ಅಷ್ಟೇ. ಜಾಸ್ತಿ ಮಾತಾಡಕ್ಕೆ ಹೋಗ್ಬೇಡ." ಆದರೆ ಇಪ್ಪತ್ತೊಂಬತ್ತು ವರ್ಷ ಮಾಡಿದ ಕೆಲಸವನ್ನು ಮುಚ್ಚಿಡಲು ಬಾಯಿ ಒಪ್ಪಲಿಲ್ಲ. "ಸಿನಿಮಾ" ಎಂದೆ. "ಆಕ್ಟ್ರೆಸ್?" ಎಂದ. ಅರವತ್ತೊಂದು ವರ್ಷದ, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡ, ಇಪ್ಪತ್ತೆರಡು ಗಂಟೆ ಪ್ರಯಾಣ ಮಾಡಿ ತಲೆ ಕೆದರಿದ ಹೆಂಗಸನ್ನು ಹೀಗೆ ಕೇಳಿದವನಿಗೆ ದೇವರು ಒಳ್ಳೆಯದು ಮಾಡಲಿ. ನಾನು ಹೌದು ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಸುಮ್ಮನೆ ಮುಗುಳ್ನಕ್ಕೆ. ಒಳಗೆ ಬಿಟ್ಟ.

ನಿಜ ಹೇಳುವುದಾದರೆ ನಾನು ಟಾಕೀಸಿನ ಆಪರೇಟರ್. ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ ನಮ್ಮ ಮಾವನವರು ಕಟ್ಟಿಸಿದ ಟಾಕೀಸಿತ್ತು. ಹೆಸರು ಬರೆದರೆ ಊರಿನವರೆಲ್ಲ ಫೋನ್ ಮಾಡಿ ತಮ್ಮ ತಮ್ಮ ನೆನಪು ಹೇಳಲು ಶುರು ಮಾಡುತ್ತಾರೆ, ಬೇಡ. ಮೊದಲಿದ್ದ ಆಪರೇಟರ್ ವಾರಕ್ಕೆ ಮೂರು ದಿನ ಕುಡಿದು ಮಲಗುತ್ತಿದ್ದ. ಹಾಗಾಗಿ ಹೊಸದಾಗಿ ಮದುವೆಯಾಗಿ ಬಂದ ನಾನು ಕೋಸಂಬರಿಗೆ ಒಗ್ಗರಣೆ ಹಾಕುವುದರ ಜೊತೆಗೆ ಪ್ರೊಜೆಕ್ಟರಿಗೆ ರೀಲು ಹಾಕುವುದನ್ನೂ ಕಲಿತೆ. ನಮ್ಮ ಯಜಮಾನರಿಗೆ ಯಂತ್ರ ಕಂಡರೆ ಆಗದು. ಅವರು ಕ್ಯಾಂಟೀನು ನೋಡಿಕೊಂಡರು.

ಇಂಟರ್‌ವಲ್ಲಿಗೆ ಐದು ನಿಮಿಷ ಇರುವಾಗ ಮೇಲಿನ ಆಪರೇಟರ್ ರೂಮಿನಿಂದ ನಾನೊಂದು ಬೆಲ್ ಒತ್ತಬೇಕು. ಅದು ಕೆಳಗೆ ಕ್ಯಾಂಟೀನಿನಲ್ಲಿ ಬಡಿಯುತ್ತದೆ. ಬಡಿದ ಕೂಡಲೇ ಯಜಮಾನರು ಮೆಟ್ಟಿಲ ಬುಡಕ್ಕೆ ಬಂದು "ಎಷ್ಟು ಜನ?" ಎಂದು ಕೂಗುತ್ತಾರೆ. ನಾನು ಕಿಂಡಿಯಿಂದ ಬಗ್ಗಿ ನೋಡಿ "ಅರ್ಧ ಹೌಸ್" ಎಂದೋ "ಹೌಸ್‌ಫುಲ್" ಎಂದೋ ಹೇಳಿದ ಮೇಲೆ ಅದಕ್ಕೆ ತಕ್ಕಷ್ಟು ಬೋಂಡ ಎಣ್ಣೆಗೆ ಬೀಳುತ್ತದೆ. ನಮ್ಮ ದಾಂಪತ್ಯದ ಮುಖ್ಯ ಮಾತುಕತೆ ಇದೇ. ದಿನಕ್ಕೆ ನಾಲ್ಕು ಆಟ, ನಾಲ್ಕು ಸಲ ಮಾತು. ಇದಕ್ಕಿಂತ ಹೆಚ್ಚು ಮಾತಾಡಿದ ಗಂಡ ಹೆಂಡಿರು ಸುಖವಾಗಿದ್ದದ್ದು ನಾನು ನೋಡಿಲ್ಲ.

ರೀಲು ಹೋಗಿ ಡಿಜಿಟಲ್ ಬಂದ ಮೇಲೆ ನನ್ನ ಎರಡು ಪ್ರೊಜೆಕ್ಟರುಗಳು ಮೂಲೆಯಲ್ಲಿ ಬೆಡ್‌ಶೀಟ್ ಹೊದ್ದು ನಿಂತವು. ಲಾಕ್‌ಡೌನಿನಲ್ಲಿ ಹಾಕಿದ ಬೀಗವನ್ನು ಆಮೇಲೆ ತೆಗೆಯಲಿಲ್ಲ. ಯಂತ್ರಗಳನ್ನು ಗುಜರಿಯವರಿಗೆ ಕೊಟ್ಟದ್ದು ನಾನೇ. ಯಜಮಾನರು ಆ ದಿನ ಮನೆಯಿಂದ ಹೊರಗೆ ಬರಲಿಲ್ಲ. ಅಂದಿನಿಂದ ಅವರು ಬೋಂಡ ಕರಿದಿಲ್ಲ. ಕರಿಯಿರಿ ಎಂದರೆ "ಯಾರಿಗೆ?" ಎನ್ನುತ್ತಾರೆ. ಈಗ ಆ ಕಟ್ಟಡದಲ್ಲಿ ಸೋಫಾ ಮಾರುತ್ತಾರೆ.

ಕಾರ್ಲ್ಸ್‌ಬಾಡ್

ರಾಘು ಇರುವುದು ಸ್ಯಾನ್ ಡಿಯೇಗೋದ ಉತ್ತರಕ್ಕೆ, ಕಡಲ ತಡಿಯ ಕಾರ್ಲ್ಸ್‌ಬಾಡಿನಲ್ಲಿ. ಊರು ಎಷ್ಟು ಸ್ವಚ್ಛವೆಂದರೆ ಮೊದಲೆರಡು ದಿನ ನನಗೆ ಸಾವಿನ ಮನೆಗೆ ಬಂದ ಹಾಗಿತ್ತು. ಬೀದಿಯಲ್ಲಿ ಜನ ಇಲ್ಲ, ಸದ್ದಿಲ್ಲ. ಅವನ ಬೀದಿಯವರು ಹಿತ್ತಲಲ್ಲಿ ಬಿಟ್ಟ ನಿಂಬೆಹಣ್ಣನ್ನು ಪೆಟ್ಟಿಗೆಯಲ್ಲಿ ಹಾಕಿ, 'ಫ್ರೀ' ಎಂದು ಬರೆದು ಕಾಂಪೌಂಡಿನ ಹೊರಗೆ ಇಟ್ಟಿರುತ್ತಾರೆ. ಬೇಕಾದವರು ಎರಡು ತೆಗೆದುಕೊಂಡು ಹೋಗಬೇಕು. ನಾನು ಬೆಳಗಿನ ವಾಕಿಂಗಿನಲ್ಲಿ ಮೂರು ಮನೆಯ ನಿಂಬೆಹಣ್ಣನ್ನು ಪೆಟ್ಟಿಗೆ ಸಮೇತ ತಂದು ಉಪ್ಪಿನಕಾಯಿ ಹಾಕಿದೆ. ಸಂಜೆ ಒಬ್ಬ ಮುದುಕ ಬಂದು ಬಹಳ ವಿನಯದಿಂದ, ಹಣ್ಣು ಇರಲಿ, ಪೆಟ್ಟಿಗೆ ಮಾತ್ರ ಕೊಡುತ್ತೀರಾ ಎಂದು ಕೇಳಿದ. ರಾಘು ನೆಲ ನೋಡುತ್ತ ಪೆಟ್ಟಿಗೆ ಕೊಟ್ಟ. ಆಮೇಲೆ ನನ್ನನ್ನು ಒಬ್ಬಳೇ ವಾಕಿಂಗಿಗೆ ಕಳಿಸಲಿಲ್ಲ.

ರಾಘುವಿಗೆ ಒಬ್ಬಳೇ ಮಗಳು, ತನ್ವಿ. ಅಲ್ಲೇ ಹುಟ್ಟಿದವಳು. ಲಾಸ್ ಏಂಜಲಿಸಿನಲ್ಲಿ ಓದುತ್ತಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರ ಬರುವುದು ಇಂಗ್ಲಿಷಿನಲ್ಲಿ. ಒಂದು ಸಂಜೆ ಅವಳು ವಿಡಿಯೋ ಕಾಲ್ ಮಾಡಿ, ಫೋನನ್ನು ತಿರುಗಿಸಿ, ಧೂಳು ಹಿಡಿದ ಒಂದು ಯಂತ್ರವನ್ನು ತೋರಿಸಿದಳು.

"ಅತ್ತೆ, ಡು ಯೂ ನೋ ವಾಟ್ ದಿಸ್ ಈಸ್?"

ಗೊತ್ತಿಲ್ಲದೆ ಏನು? ಮೂವತ್ತೈದು ಎಂಎಂ ಪ್ರೊಜೆಕ್ಟರ್. ನನ್ನದಕ್ಕಿಂತ ಹಳೆಯದು, ಆದರೆ ಅದೇ ಜಾತಿ. ನಾನು ಫೋನಿಗೆ ಮೂಗು ತಾಗಿಸಿ, "ಅದರ ರೀಲು ಓಡೋ ಗೇಟ್ ತೆಗೆದು ತೋರಿಸು. ಯಾರೇ ಅದು ಒರೆಸ್ತಿರೋದು? ಹಾಗೆ ಒರೆಸಬಾರದು ಅಂತ ಹೇಳು" ಎಂದೆ.

ತನ್ವಿ ಓದಿನ ಜೊತೆಗೆ ಡೌನ್‌ಟೌನಿನ ಒಂದು ಹಳೆಯ ಚಿತ್ರಮಂದಿರದಲ್ಲಿ ವಾಲಂಟಿಯರ್ ಆಗಿದ್ದಳು. ಬಹಳ ಕಾಲ ಮುಚ್ಚಿದ್ದ ಅದನ್ನು ಒಂದು ಟ್ರಸ್ಟಿನವರು ಮೊದಲಿದ್ದ ಹಾಗೆಯೇ ರಿಪೇರಿ ಮಾಡಿಸಿ ತೆರೆಯಲು ಹೊರಟಿದ್ದರು. ಅವಳು ಅಲ್ಲಿಯವರಿಗೆಲ್ಲ, ನನ್ನ ಅತ್ತೆ ಇಂಡಿಯಾದಲ್ಲಿ ಇದೇ ಕೆಲಸ ಮಾಡುತ್ತಿದ್ದರು ಎಂದು ಹೇಳಿಬಿಟ್ಟಿದ್ದಳು.

ರಾಘು ಗೊಣಗಿದ. "ಅಕ್ಕಾ, ಎಲ್‌ಎಗೆ ಹೋದೋರು ಸ್ಟುಡಿಯೋ ನೋಡ್ತಾರೆ, ಬೀಚ್ ನೋಡ್ತಾರೆ. ನೀನು ಪಾಳು ಟಾಕೀಸು ನೋಡಕ್ಕೆ ಹೋಗ್ತೀಯಾ?"

"ಹೂಂ, ಹೋಗ್ತೀನಿ."

ಕರ್ನಿ ಮೆಸಾ

ನನ್ನ ಸಿನಿಮಾ ಹುಚ್ಚನ್ನು ಸ್ಯಾನ್ ಡಿಯೇಗೋದಲ್ಲೇ ಇಳಿಸಿಬಿಡೋಣ ಎಂದು ರಾಘು ಭಾನುವಾರ ಕರ್ನಿ ಮೆಸಾದಲ್ಲಿ ಮಸಾಲೆದೋಸೆ ತಿನ್ನಿಸಿ, ಆ ಕಡೆಯದೇ ಒಂದು ಮಲ್ಟಿಪ್ಲೆಕ್ಸಿಗೆ ಕರೆದುಕೊಂಡು ಹೋದ. ಕನ್ನಡ ಚಿತ್ರ, ಒಂದೇ ಆಟ. ಸೊರೆಂಟೊ ವ್ಯಾಲಿಯ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮವರೆಲ್ಲ ಬಂದಿದ್ದರು. "ಏನ್ ಗುರೂ, ಪಾರ್ಕಿಂಗ್ ಸಿಕ್ತಾ?" ಎಂಬ ಮಾತು ಕೇಳಿ ಮೆಜೆಸ್ಟಿಕ್ಕಿನಲ್ಲಿ ಇಳಿದ ಹಾಗಾಯಿತು. ಕುರ್ಚಿಗೆ ಗುಂಡಿಗಳಿದ್ದವು. ಒಂದನ್ನು ಒತ್ತಿದರೆ ಕಾಲು ಮೇಲೆ ಹೋಗುತ್ತದೆ, ಇನ್ನೊಂದಕ್ಕೆ ಬೆನ್ನು ಹಿಂದಕ್ಕೆ. ಸಿನಿಮಾ ನೋಡಲು ಬಂದೆನೋ ಹಲ್ಲು ಕೀಳಿಸಲು ಬಂದೆನೋ ತಿಳಿಯಲಿಲ್ಲ.

ಅಂತೂ ಅರ್ಧ ಸಿನಿಮಾ ಆಯಿತು. ನಾಯಕಿಯ ಅಣ್ಣನನ್ನು ಯಾರೋ ಕೊಂದರು. ಪರದೆಯ ಮೇಲೆ ದೊಡ್ಡದಾಗಿ 'ವಿರಾಮ' ಎಂದು ಬಂತು. ಅಷ್ಟೂ ಕನ್ನಡಿಗರು ಎದ್ದು ನಿಂತರು, ನಾನೂ ಎದ್ದೆ. ದೀಪ ಹತ್ತಲಿಲ್ಲ. ಎರಡು ಸೆಕೆಂಡಿಗೆ 'ವಿರಾಮ' ಹೋಗಿ ಕಥೆ ಮುಂದುವರಿಯಿತು. ಅಮೆರಿಕದವರಿಗೆ ಇಂಟರ್‌ವಲ್ ಎಂಬ ಪದ್ಧತಿಯೇ ಇಲ್ಲವಂತೆ, ಅವರ ಯಂತ್ರ ನಿಲ್ಲುವುದಿಲ್ಲ. ಎದ್ದವರಲ್ಲಿ ಅರ್ಧ ಜನ ಕುಳಿತರು, ಇನ್ನರ್ಧ ಜನ ಕತ್ತಲಲ್ಲಿ ಬೆನ್ನು ಬಗ್ಗಿಸಿಕೊಂಡು ಟಾಯ್ಲೆಟ್ಟಿಗೆ ಓಡಿದರು. ನಾನು ಓಡಿದವರ ಪೈಕಿ. ಬರುವಷ್ಟರಲ್ಲಿ ಪೊಲೀಸರು ಬಂದು ಯಾರನ್ನೋ ಹಿಡಿದುಕೊಂಡು ಹೋಗಿದ್ದರು. ಕೊಲೆಗಾರ ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ರಾಘುವೂ ಓಡಿದ್ದರಿಂದ ಅವನಿಗೂ ಗೊತ್ತಿಲ್ಲ.

ಆ ರಾತ್ರಿ ಯಜಮಾನರಿಗೆ ಫೋನ್ ಮಾಡಿ, ಇಲ್ಲಿ ಇಂಟರ್‌ವಲ್ಲೇ ಇಲ್ಲವಂತೆ ಎಂದೆ. ಅವರು "ಅದಕ್ಕೇ ಅವ್ರು ಅಷ್ಟು ಬಂದೂಕ ಇಟ್ಕೊಂಡಿರೋದು" ಎಂದು ಫೋನ್ ಇಟ್ಟರು.

ರೈಲು

ಗುರುವಾರ ರಾಘು ನನ್ನನ್ನು ಲಾಸ್ ಏಂಜಲಿಸಿನ ರೈಲು ಹತ್ತಿಸಿದ. ರೈಲು ಸಮುದ್ರದ ಪಕ್ಕದಲ್ಲೇ ಓಡುತ್ತದೆ. ಎಡಗಡೆ ಕಿಟಕಿ ಪೂರ್ತಿ ನೀರು. ಎದುರು ಸೀಟಿನಲ್ಲಿ ಚಡ್ಡಿ ಹಾಕಿದ, ನನ್ನ ವಯಸ್ಸಿನ ಗಂಡಸೊಬ್ಬ ಬರಿಗಾಲಲ್ಲಿ ಕುಳಿತಿದ್ದ. ನಾನು ಡಬ್ಬಿ ತೆರೆದು ಚಿತ್ರಾನ್ನ ತಿನ್ನಲು ಶುರು ಮಾಡಿದಾಗ ಅವನು ಮೂಗರಳಿಸಿದ. ನಮ್ಮ ರೈಲಿನಲ್ಲಾದರೆ ಇಷ್ಟು ಹೊತ್ತಿಗೆ ಯಾವ ಊರು, ಎಷ್ಟು ಮಕ್ಕಳು ಎಲ್ಲ ಆಗಿರುತ್ತಿತ್ತು. ಇವನು ನೋಡುತ್ತಾನೆ, ನಗುತ್ತಾನೆ, ಮತ್ತೆ ಸಮುದ್ರ ನೋಡುತ್ತಾನೆ. ಕೊನೆಗೆ ಡಬ್ಬಿಯ ಮುಚ್ಚಳದಲ್ಲಿ ಎರಡು ಚಮಚ ಹಾಕಿ ಕೊಟ್ಟೆ. ಕಡಲೆಬೀಜ ಇದೆಯಾ ಎಂದು ಗಾಬರಿಯಿಂದ ಕೇಳಿ, ಇದೆ ಎಂದಾಗ ಎರಡು ಕೈಯನ್ನೂ ಮೇಲೆತ್ತಿದ. ಅವನಿಗೆ ಕಡಲೆಬೀಜ ತಿಂದರೆ ಉಸಿರೇ ನಿಲ್ಲುತ್ತದಂತೆ. ಅಲ್ಲಿಂದ ಲಾಸ್ ಏಂಜಲಿಸ್‌ವರೆಗೂ ನಾನು ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ, ಸೆರಗಿನಡಿ ಇಟ್ಟುಕೊಂಡು ಕುಳಿತೆ.

ಡೌನ್‌ಟೌನ್, ಶುಕ್ರವಾರ

ಬ್ರಾಡ್‌ವೇ ಎಂಬ ಬೀದಿಯಲ್ಲಿ ಸಾಲಾಗಿ ಹಳೆಯ ಚಿತ್ರಮಂದಿರಗಳಿವೆ. ಕೆಲವು ಅಂಗಡಿಗಳಾಗಿವೆ, ಕೆಲವಕ್ಕೆ ಬೀಗ. ಅಂಗಡಿಯಾದದ್ದನ್ನು ನೋಡಿದಾಗಲೆಲ್ಲ ನಾನು ಸೋಫಾ ಇದೆಯೇ ಎಂದು ಇಣುಕಿದೆ. ನಮ್ಮ ಚಿತ್ರಮಂದಿರ (ಎರಡು ದಿನ ಕಸ ಗುಡಿಸಿದ ಮೇಲೆ ನಮ್ಮದು ಎನ್ನಬಹುದು) ಹೊರಗಿನಿಂದ ಸಾಧಾರಣ. ಒಳಗೆ ಕಾಲಿಟ್ಟರೆ ಅರಮನೆ. ಚಾವಣಿಯ ತುಂಬ ಗಾರೆಯ ಹೆಂಗಸರು, ಅವರ ಮೈಮೇಲೆ ಬಟ್ಟೆ ಕಡಿಮೆ, ದ್ರಾಕ್ಷಿಗೊಂಚಲು ಜಾಸ್ತಿ. ಅಟ್ಟಣಿಗೆ ಕಟ್ಟಿಕೊಂಡು ಹತ್ತಾರು ವಾಲಂಟಿಯರುಗಳು ಆ ಹೆಂಗಸರ ಕಿವಿ, ಮೂಗು, ಹೊಕ್ಕುಳನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸುತ್ತಿದ್ದರು. ನಮ್ಮಲ್ಲಿ ನವರಾತ್ರಿಗೆ ಮೊದಲು ಇಬ್ಬರು ಬಂದು ಒಂದು ಡ್ರಮ್ ಡಿಸ್ಟೆಂಪರಿನಲ್ಲಿ ಇಡೀ ಟಾಕೀಸನ್ನು ಎರಡು ದಿನಕ್ಕೆ ಮುಗಿಸುತ್ತಿದ್ದರು. ಬಲ್ಬಿಗೂ ಬಳಿದು ಹೋಗಿದ್ದೂ ಉಂಟು.

ಇಲ್ಲಿಯವರಿಗೆ 'ಒರಿಜಿನಲ್' ಎಂಬ ಒಂದು ಜ್ವರ. ಗೋಡೆಯನ್ನು ಪದರ ಪದರವಾಗಿ ಕೆರೆದು ಮೊಟ್ಟಮೊದಲ ಬಣ್ಣ ಯಾವುದಿತ್ತು ಎಂದು ಹುಡುಕಿದ್ದಾರೆ. ಸಿಕ್ಕಿದ್ದು ನಮ್ಮ ತಾಲ್ಲೂಕು ಕಚೇರಿಯ ಹಸಿರು. ಅದಕ್ಕೆ ಎಲ್ಲರೂ ಕಣ್ಣಲ್ಲಿ ನೀರು ತಂದುಕೊಂಡು ಚಪ್ಪಾಳೆ ಹೊಡೆದರಂತೆ. ನಮ್ಮ ಟಾಕೀಸಿನ ಗೋಡೆಯ ಎಲೆಯಡಿಕೆ ಉಗುಳು ಇಲ್ಲಿದ್ದಿದ್ದರೆ ಅದಕ್ಕೂ ಗಾಜಿನ ಚೌಕಟ್ಟು ಹಾಕುತ್ತಿದ್ದರು. ಬಾಲ್ಕನಿಯ ಕೊನೆಯ ಸಾಲಿನಲ್ಲಿ ಒಂದು ದೆವ್ವ ಇದೆ ಎಂದು ತನ್ವಿ ಹೆಮ್ಮೆಯಿಂದ ತೋರಿಸಿದಳು. ನಮ್ಮ ಬಾಲ್ಕನಿಯ ಕೊನೆಯ ಸಾಲಿನಲ್ಲಿ ಇರುತ್ತಿದ್ದವರು ಕಾಲೇಜಿಗೆ ಚಕ್ಕರ್ ಹೊಡೆದ ಜೋಡಿಗಳು. ಟಾರ್ಚ್ ಬಿಟ್ಟರೆ ಅವರೂ ಮಾಯವಾಗುತ್ತಿದ್ದರು ಎಂದೆ.

ಮೇಲಿನ ಆಪರೇಟರ್ ರೂಮಿನಲ್ಲಿ ಲೋಲಾ ಸಿಕ್ಕಳು. ಎಪ್ಪತ್ತನಾಲ್ಕರ ಕುಳ್ಳಿ, ಬಿಳಿ ಜಡೆ, ಒಂದು ಭುಜಕ್ಕೆ ಪಟ್ಟಿ ಕಟ್ಟಿಕೊಂಡಿದ್ದಳು. ಅವಳ ಅಪ್ಪ ಮೆಕ್ಸಿಕೋದಿಂದ ಬಂದವನು. ಈ ಚಿತ್ರಮಂದಿರ ಸ್ಪ್ಯಾನಿಷ್ ಚಿತ್ರಗಳನ್ನು ತೋರಿಸುತ್ತಿದ್ದ ಕಾಲದಲ್ಲಿ ಇಲ್ಲೇ ಆಪರೇಟರ್ ಆಗಿದ್ದನಂತೆ. ಅವಳ ತೊಟ್ಟಿಲನ್ನು ಎರಡು ಯಂತ್ರಗಳ ನಡುವೆ ಇಡುತ್ತಿದ್ದನಂತೆ. ಅಪ್ಪನ ನಂತರ ಅವಳೇ ಆಪರೇಟರ್ ಆಗಿ, ಚಿತ್ರಮಂದಿರ ಮುಚ್ಚುವವರೆಗೂ ಇದ್ದಳು. ಈಗ ಟ್ರಸ್ಟಿನವರ ಕಾಲು ಹಿಡಿದು ಅವೇ ಯಂತ್ರಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಎಬ್ಬಿಸಿದ್ದಳು. ನನ್ನ ಇಂಗ್ಲಿಷ್ ಅರ್ಧ, ಅವಳದ್ದು ಮುಕ್ಕಾಲು. ಅವಳು ನನ್ನ ಕೈಗೆ ಒಂದು ತುಂಡು ಫಿಲ್ಮ್ ಕೊಟ್ಟು ಯಂತ್ರದ ಕಡೆ ಗಲ್ಲ ತೋರಿಸಿದಳು. ನಾನು ಗೇಟ್ ತೆರೆದು, ಮೇಲೊಂದು ಕೆಳಗೊಂದು ಸಡಿಲವಾದ ಲೂಪ್ ಬಿಟ್ಟು, ಹಲ್ಲುಚಕ್ರಕ್ಕೆ ಕೂರಿಸಿ ಗೇಟ್ ಮುಚ್ಚಿದೆ. ಕೈ ಏನನ್ನೂ ಮರೆತಿರಲಿಲ್ಲ. ನನಗೆ ಅಲ್ಲೇ ಅಳು ಬಂತು. ನಾನು ನನ್ನ ಯಂತ್ರಗಳನ್ನು ಗುಜರಿಯ ಟೆಂಪೋಗೆ ಹತ್ತಿಸುವಾಗ, ಜಾಗ್ರತೆ, ಗೋಡೆಗೆ ತಾಗಿಸಬೇಡಿ ಎಂದು ಹೇಳಿದ್ದೆ. ಯಂತ್ರದ ಚಿಂತೆ ಅಲ್ಲ, ಗೋಡೆಯ ಸುಣ್ಣದ ಚಿಂತೆ. ಈ ಮುದುಕಿ ತನ್ನವನ್ನು ಬಿಟ್ಟುಕೊಡದೆ ನಿಂತಿದ್ದಾಳೆ. ನನಗೆ ನಾಚಿಕೆಯಾಯಿತು, ಹೊಟ್ಟೆಕಿಚ್ಚೂ ಆಯಿತು.

ಆದರೆ ಅವಳ ಯಂತ್ರಗಳಿಗೂ ಗಂಡಾಂತರ ಕಾದಿತ್ತು. ಟ್ರಸ್ಟಿನ ಅಧ್ಯಕ್ಷ ವಾರೆನ್ ಎಂಬ ಉದ್ದನೆಯ, ಬೋ ಟೈ ಕಟ್ಟಿದ ಮನುಷ್ಯ. ಕೆಟ್ಟವನಲ್ಲ, ಆದರೆ ಬಂದ ಜನ ಪಾನೀಯ ಕುಡಿಯದಿದ್ದರೆ ಚಿತ್ರಮಂದಿರ ಉಳಿಯುವುದಿಲ್ಲ ಎಂಬುದು ಅವನ ನಂಬಿಕೆ. ಅದಕ್ಕಾಗಿ ಆಪರೇಟರ್ ರೂಮಿನ ಗೋಡೆ ಒಡೆದು, ಗಾಜು ಹಾಕಿಸಿ, ಬಾರ್ ಮಾಡಬೇಕೆಂದಿದ್ದ. ಚಿತ್ರ ತೋರಿಸಲು ಚಿಕ್ಕದೊಂದು ಡಿಜಿಟಲ್ ಪೆಟ್ಟಿಗೆ ಸಾಕು, ಹಳೆಯ ಯಂತ್ರಗಳನ್ನು ಕೆಳಗೆ, ಸುತ್ತ ಹಗ್ಗ ಕಟ್ಟಿ, ಪ್ರದರ್ಶನಕ್ಕೆ ಇಡೋಣ ಎಂದಿದ್ದ. ಲೋಲಾ ಜಗಳವಾಡಿ ಒಂದು ಅವಕಾಶ ಗಿಟ್ಟಿಸಿಕೊಂಡಿದ್ದಳು. ಶನಿವಾರ ಮಧ್ಯಾಹ್ನ ಟ್ರಸ್ಟಿಗಳಿಗೂ ದೇಣಿಗೆ ಕೊಟ್ಟವರಿಗೂ ಆರು ರೀಲಿನ ಒಂದು ಕಪ್ಪು ಬಿಳುಪು ಚಿತ್ರ ತೋರಿಸಬೇಕು. ಒಂದೇ ಒಂದು ಸಲ ಪರದೆ ಕತ್ತಲಾದರೂ ಯಂತ್ರಗಳು ಕೆಳಗಿಳಿಯಬೇಕು. ಅದು ಕರಾರು.

ಲೋಲಾಳ ಸಹಾಯಕನಿಗೆ ಗುರುವಾರ ಕೋವಿಡ್ ಪಾಸಿಟಿವ್ ಬಂದಿತ್ತು. ಪಟ್ಟಿ ಕಟ್ಟಿದ ಭುಜದಲ್ಲಿ ಅವಳಿಗೆ ರೀಲು ಎತ್ತಲು ಆಗದು. ಅವಳು ನನ್ನ ಮುಖ ನೋಡಿದಳು.

ನಾನು ಆರು ಕಾಗದಗಳಿಗೆ ಸಹಿ ಹಾಕಿ, ಏಣಿಯಿಂದ ಬೀಳುವುದು ತಪ್ಪು ಎಂದು ತಿಳಿಸುವ ಒಂದು ವಿಡಿಯೋ ನೋಡಿ, ಹಳದಿ ಬಣ್ಣದ ವೇಸ್ಟ್‌ಕೋಟನ್ನು ಸೀರೆಯ ಮೇಲೆ ಹಾಕಿಕೊಂಡು ಮತ್ತೆ ಆಪರೇಟರ್ ಆದೆ.

ಡೌನ್‌ಟೌನ್, ಶನಿವಾರ

ಕೆಲಸ ಸರಳ. ಒಂದನೆಯ ಯಂತ್ರದಲ್ಲಿ ಒಂದು ರೀಲು ಓಡುತ್ತಿರುವಾಗ ಎರಡನೆಯದರಲ್ಲಿ ಮುಂದಿನ ರೀಲು ಹಾಕಿ ಕಾಯಬೇಕು. ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ, ಆಗ ಎರಡನೆಯ ಯಂತ್ರ ಚಾಲೂ ಮಾಡಬೇಕು. ಇನ್ನೊಂದು ಚುಕ್ಕೆ ಬಂದಾಗ ಇದನ್ನು ಮುಚ್ಚಿ ಅದನ್ನು ತೆರೆಯಬೇಕು. ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ.

ಮೊದಲ ರೀಲು ಬೆಣ್ಣೆಯ ಹಾಗೆ ಹೋಯಿತು. ಎರಡನೆಯದೂ ಹೋಯಿತು. ಲೋಲಾ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಮೂರನೆಯದನ್ನು ಓಡಿಸುತ್ತ ಕಿಂಡಿಯಿಂದ ಕೆಳಗೆ ನೋಡಿದೆ. ಟ್ರಸ್ಟಿಗಳ ತಲೆಗಳು ಸಾಲಾಗಿ ಕಂಡವು, ಎಲ್ಲವೂ ಬಿಳಿ ಇಲ್ಲವೇ ಬೋಳು. ಪರದೆಯ ಮೇಲೆ ನಾಯಕಿ ಪೆಟ್ಟಿಗೆ ಹಿಡಿದು ರೈಲ್ವೆ ಸ್ಟೇಷನ್ನಿನಲ್ಲಿ ನಿಂತಿದ್ದಳು. ರೈಲು ಬಂತು, ನಾಯಕ ಬಂದಿಲ್ಲ. ಅವಳು ಮೆಟ್ಟಿಲ ಮೇಲೆ ಕಾಲಿಟ್ಟಳು, ತಿರುಗಿ ನೋಡಿದಳು.

ಇಪ್ಪತ್ತೊಂಬತ್ತು ವರ್ಷ ಇಂಥ ಜಾಗದಲ್ಲಿ ನಾನು ಏನು ಮಾಡಿದ್ದೇನೋ ಅದನ್ನೇ ಮಾಡಿದೆ. ನಾಯಕಿ ಸ್ಟೇಷನ್ನಿಗೆ ಬಂದಾಗಲೇ ನನ್ನ ಹೆಬ್ಬೆರಳು ಗೋಡೆಯ ಮೇಲೆ, ನಮ್ಮ ಟಾಕೀಸಿನ ಬೆಲ್ ಇದ್ದ ಜಾಗದಲ್ಲೇ ಇದ್ದ ಒಂದು ಹಳೆಯ ಹಿತ್ತಾಳೆಯ ಗುಂಡಿಯನ್ನು ಹುಡುಕಿಕೊಂಡು ಹೋಗಿ ಒತ್ತಿತ್ತು. ಎಲ್ಲೋ ಕೆಳಗೆ ಒಂದು ಗಂಟೆ ಬಡಿಯಿತು. "ವಾಟ್ ವಾಸ್ ದಟ್?" ಎಂದಳು ಲೋಲಾ. ನನಗೆ ಕೇಳಿಸಿರಲಿಲ್ಲ. ಐದು ನಿಮಿಷದ ಮೇಲೆ ಮೂಲೆಯಲ್ಲಿ ಚುಕ್ಕೆ ಬಂತು. ನನ್ನ ಬಲಗೈ ಎರಡನೆಯ ಯಂತ್ರದ ಕಡೆ ಹೋಗಲೇ ಇಲ್ಲ. ಅದು ಓಡುತ್ತಿದ್ದ ಯಂತ್ರದ ಬೆಳಕನ್ನು ಮುಚ್ಚಿತು. ಎಡಗೈ ಹಾಲಿನ ದೀಪದ ಹಿಡಿಯನ್ನು ಮೇಲಕ್ಕೆ ತಳ್ಳಿತು.

ಪರದೆ ಕತ್ತಲಾಯಿತು. ಹಾಲಿನಲ್ಲಿ ದೀಪ ಹತ್ತಿತು.

ಆಮೇಲೆ ನನಗೆ ಎಚ್ಚರವಾಯಿತು. ಲೋಲಾ ಸ್ಪ್ಯಾನಿಷಿನಲ್ಲಿ ಏನೋ ಹೇಳಿದಳು, ಅನುವಾದ ಬೇಕಾಗಲಿಲ್ಲ. ಅವಳು ಸ್ಟೂಲಿನ ಮೇಲೆ ಕುಸಿದು ಯಂತ್ರದ ಮೇಲೆ ಕೈ ಇಟ್ಟುಕೊಂಡಳು. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ನನ್ನ ಯಂತ್ರಗಳನ್ನು ಕಳಿಸಿದ್ದು ಸಾಲದು ಎಂದು ಹದಿನಾಲ್ಕು ಸಾವಿರ ಕಿಲೋಮೀಟರ್ ಬಂದು ಇವಳ ಯಂತ್ರಗಳನ್ನೂ ಕಳಿಸಿಬಿಟ್ಟೆನಲ್ಲ. ಕೆಳಗೆ ಒಬ್ಬರೂ ಅಲ್ಲಾಡಲಿಲ್ಲ. ಎಲ್ಲ ಬಿಳಿ ತಲೆಗಳೂ ತಿರುಗಿ ನಮ್ಮ ಕಿಂಡಿಯನ್ನೇ ನೋಡುತ್ತಿದ್ದವು.

ಬಾಗಿಲಲ್ಲಿ ತನ್ವಿ ನಿಂತಿದ್ದಳು.

"ಏಯ್, ಓಡು ಕೆಳಗೆ," ಎಂದೆ. "ಇಂಟರ್‌ವಲ್ ಅಂತ ಹೇಳು. ಹತ್ತು ನಿಮಿಷ."

"ಅತ್ತೆ, ದೇರ್ ಈಸ್ ನೋ ಇಂಟರ್‌ವಲ್ ಇನ್ ದಿಸ್ ಮೂವಿ!"

"ಈಗ ಇದೆ. ಹೋಗೇ!"

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. "ಆಯ್ತು ಅತ್ತೆ, ಹೋಗ್ತೀನಿ" ಎಂದಳು, ಕನ್ನಡದಲ್ಲೇ. ಓಡಿದಳು. ಪರದೆಯ ಮುಂದೆ ನಿಂತು, ಇದೆಲ್ಲ ಮೊದಲೇ ಯೋಚಿಸಿದ್ದು ಎಂಬಂತೆ, ಹತ್ತು ನಿಮಿಷ ವಿರಾಮ ಎಂದು ಇಂಗ್ಲಿಷಿನಲ್ಲಿ ಸಾರಿದಳು. ನಮ್ಮ ವಂಶದವಳು.

ಮೊದಲು ಎದ್ದದ್ದು ಮುಂದಿನ ಸಾಲಿನ ಒಬ್ಬ ಮುದುಕ. ಅವನು ನಡೆದದ್ದು ನೇರ ಟಾಯ್ಲೆಟ್ಟಿಗೆ. ಅವನ ಹಿಂದೆ ಇನ್ನಿಬ್ಬರು. ಆಮೇಲೆ ಇಡೀ ಟ್ರಸ್ಟು ಎದ್ದಿತು. ಎಪ್ಪತ್ತು ದಾಟಿದ ಟ್ರಸ್ಟಿಗಳು ಒಂದೂವರೆ ಗಂಟೆಯ ಸಿನಿಮಾ ನೋಡಲು ಮಾಡುವ ತಪಸ್ಸನ್ನು ಅಲ್ಲಿಯವರೆಗೆ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಟಾಯ್ಲೆಟ್ಟಿನಿಂದ ಬಂದವರ ಮುಖದಲ್ಲಿ ಒಂದು ಶಾಂತಿ. ಹಾಗೆ ಬಂದವರು ತಲೆ ಎತ್ತಿದರು. ಅವರೇ ದುಡ್ಡು ಕೊಟ್ಟು ಒರೆಸಿದ ಗಾರೆಯ ಹೆಂಗಸರನ್ನು ದೀಪದ ಬೆಳಕಿನಲ್ಲಿ ಆರಾಮವಾಗಿ ನಿಂತು ನೋಡಿದ್ದು ಅದೇ ಮೊದಲು. ಕೈ ತೋರಿಸಿ ಮಾತಾಡತೊಡಗಿದರು. ನಾಯಕ ಬರುತ್ತಾನೋ ಇಲ್ಲವೋ ಎಂದು ಇಬ್ಬರು ಹೆಂಗಸರು ಮೆಟ್ಟಿಲ ಹತ್ತಿರ ವಾದಕ್ಕೆ ಬಿದ್ದರು. ಹೊರಗಿನ ಹಜಾರದ ಪಾಪ್‌ಕಾರ್ನ್ ಕೌಂಟರಿನ ಮುಂದೆ ಬಾಗಿಲವರೆಗೂ ಕ್ಯೂ ನಿಂತಿತು. ಇದ್ದ ಇಬ್ಬರು ವಾಲಂಟಿಯರಿಗೆ ಕೈ ಸಾಲದಾಯಿತು. ಮೊದಲೇ ಬೆಲ್ ಬಡಿದಾಗ ಒಬ್ಬಳಿಗೆ ಏನೋ ಅನ್ನಿಸಿ ಮೆಷಿನ್ ಹಚ್ಚಿದ್ದಳಂತೆ, ಪುಣ್ಯಾತ್ಗಿತ್ತಿ.

ವಾರೆನ್ ಮೆಟ್ಟಿಲು ಹತ್ತಿ ಬಂದ. ಒಂದು ಕೈಯಲ್ಲಿ ಪಾಪ್‌ಕಾರ್ನ್. ಲೋಲಾ ಎದ್ದು ನಿಂತಳು.

"ಹೂಸ್ ಐಡಿಯಾ ವಾಸ್ ದಿಸ್?"

ಲೋಲಾ ನನ್ನ ಕಡೆ ಬೆರಳು ತೋರಿಸಿದಳು. "ಶೀ ಈಸ್ ಫ್ರಮ್ ದಿ ಇಂಡಸ್ಟ್ರಿ," ಎಂದಳು.

ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. ಅಷ್ಟು ಹೊತ್ತಿಗೆ ತನ್ವಿಯೂ ಏದುಸಿರು ಬಿಡುತ್ತ ಬಂದಿದ್ದಳು. ಅವಳ ಮೂಲಕ ಹೇಳಿಸಿದೆ. "ಐಡಿಯಾ ಅಲ್ಲ, ತಪ್ಪು. ಕೈ ರೂಢಿ. ಯಂತ್ರದ್ದೇನೂ ತಪ್ಪಿಲ್ಲ, ನಂದು ತಪ್ಪು. ನಮ್ಮೂರಲ್ಲಿ ಅರ್ಧ ಸಿನಿಮಾ ಆದ್ಮೇಲೆ ನಿಲ್ಲಿಸ್ತೀವಿ. ಜನ ಹೊರಗ್ ಬಂದು ಬೋಂಡ ತಿಂತಾರೆ. ಸಿನಿಮಾ ಎ‍ಷ್ಟು ದರಿದ್ರ ಇದ್ರೂ ಬೋಂಡ ಚೆನ್ನಾಗಿದ್ರೆ ಮತ್ತೆ ಬರ್ತಾರೆ. ನಮ್ಮ ಟಾಕೀಸು ಅಷ್ಟು ವರ್ಷ ನಡೆದಿದ್ದು ನನ್ನಿಂದ ಅಲ್ಲ, ನಮ್ಮ ಯಜಮಾನ್ರ ಬೋಂಡದಿಂದ."

ಈ ಕೊನೆಯ ಮಾತನ್ನು ನಾನು ಯಜಮಾನರಿಗೆ ಒಂದು ದಿನವೂ ಹೇಳಿರಲಿಲ್ಲ. ಒಬ್ಬ ಬೋ ಟೈನವನಿಗೆ ಹೇಳುತ್ತಿದ್ದೆ.

ವಾರೆನ್ ಪಾಪ್‌ಕಾರ್ನ್ ಅಗಿಯುತ್ತ ಕಿಂಡಿಯಿಂದ ಬಗ್ಗಿ ಖಾಲಿ ಕುರ್ಚಿಗಳನ್ನು ನೋಡಿದ. ಕೆಳಗಿನ ಗಲಾಟೆ ಇಲ್ಲಿಯವರೆಗೂ ಕೇಳುತ್ತಿತ್ತು. ಜನ ಎಲ್ಲ ಕೆಳಗೇ ಇದ್ದರೆ ಬಾರ್ ಮೇಲೆ ಯಾಕಿರಬೇಕು ಎಂದು ಅವನು ತನ್ನಷ್ಟಕ್ಕೇ ಕೇಳಿಕೊಂಡ. ಬೋಂಡ ಎಂದರೇನು ಎಂದು ತನ್ವಿಯನ್ನು ಕೇಳಿದ. ಆಮೇಲೆ ಲೋಲಾಗೆ, ಇನ್ನರ್ಧ ಶುರು ಮಾಡು, ನಾಯಕ ಬರುತ್ತಾನೋ ಇಲ್ಲವೋ ನನಗೂ ಗೊತ್ತಾಗಬೇಕು ಎಂದು ಹೇಳಿ ಇಳಿದುಹೋದ. ಅಮೆರಿಕದವರು ಸೋತದ್ದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ಲೋಲಾ ನನ್ನ ಕಪಾಳಕ್ಕೆ ಮೆಲ್ಲಗೆ ಒಂದು ಬಿಟ್ಟು, ಆ ಕೆನ್ನೆಗೇ ಮುತ್ತು ಕೊಟ್ಟಳು. ನಾನು ಬೆಲ್ ಒತ್ತಿದೆ. ಈ ಸಲ ಗೊತ್ತಿದ್ದೇ ಒತ್ತಿದೆ. ಜನ ಒಳಗೆ ಬಂದರು. ನಾಲ್ಕನೆಯ ರೀಲು ಓಡಿತು. ನಾಯಕ ಬಂದ.

ಸೊರೆಂಟೊ ವ್ಯಾಲಿ

ಊರಿಗೆ ಹೊರಡುವ ಹಿಂದಿನ ದಿನ ರಾಘು ತನ್ನ ಆಫೀಸು ತೋರಿಸಲು ಸೊರೆಂಟೊ ವ್ಯಾಲಿಗೆ ಕರೆದುಕೊಂಡು ಹೋದ. ಗಾಜಿನ ಕಟ್ಟಡಗಳು, ಅವುಗಳಿಗಿಂತ ದೊಡ್ಡ ಪಾರ್ಕಿಂಗ್ ಜಾಗ, ಒಂದೇ ಒಂದು ಟೀ ಅಂಗಡಿ ಇಲ್ಲ. ಕಾರಿನಲ್ಲೇ ಕುಳಿತು ಫ್ಲಾಸ್ಕಿನ ಕಾಫಿ ಕುಡಿಯುವಾಗ ತನ್ವಿಯ ಮೆಸೇಜ್ ಬಂತು. ರಾಘು ಓದಿದ. ಟ್ರಸ್ಟಿನ ಸಭೆಯಾಗಿ ಬಾರ್ ಕೆಳಗೆ, ಯಂತ್ರಗಳು ಮೇಲೆ ಎಂದು ತೀರ್ಮಾನವಾಗಿದೆ. ಇನ್ನು ಮುಂದೆ ರೀಲಿನ ಪ್ರತಿ ಆಟಕ್ಕೂ ಇಂಟರ್‌ವಲ್ ಇರುತ್ತದೆ. ಅದನ್ನು ಎಲ್ಲಿ ಬಿಡಬೇಕು ಎಂಬುದನ್ನು ಲೋಲಾ ತೀರ್ಮಾನಿಸುತ್ತಾಳೆ.

"ಅಕ್ಕಾ, ಮೂವತ್ತು ವರ್ಷದಿಂದ ಈ ದೇಶದಲ್ಲಿದೀನಿ," ಎಂದ ರಾಘು. "ನನ್ನ ಒಂದು ಮಾತು ಇವ್ರು ಕೇಳಿಲ್ಲ."

"ನೀನು ಬೆಲ್ ಒತ್ತಿರ್ಲಿಲ್ಲ," ಎಂದೆ.

ಊರು

ಮನೆಗೆ ಬಂದು ಒಂದು ತಿಂಗಳಾಗಿತ್ತು. ಅಲ್ಲಿಂದ ತಂದ ನಿಂಬೆ ಉಪ್ಪಿನಕಾಯಿ ಮುಗಿಯುತ್ತ ಬಂದಿತ್ತು. ನಡೆದದ್ದನ್ನೆಲ್ಲ ಯಜಮಾನರಿಗೆ ಹೇಳಿದ್ದೆ, ಬೋಂಡದ ಮಾತೊಂದನ್ನು ಬಿಟ್ಟು. ಅವರು ಹೂಂ ಎಂದು ಕೇಳಿ ಪೇಪರ್ ಓದಲು ಹೋಗಿದ್ದರು. ಒಂದು ಬೆಳಿಗ್ಗೆ ತನ್ವಿ ವಿಡಿಯೋ ಕಳಿಸಿದಳು. ಚಿತ್ರಮಂದಿರ ಸಾರ್ವಜನಿಕರಿಗೆ ತೆರೆದ ಮೊದಲ ಆಟ. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಫೋನ್ ನಿಲ್ಲಿಸಿ ನೋಡುತ್ತಿದ್ದೆ. ಯಜಮಾನರು ಹೊರಗೆ ಜಗಲಿಯಲ್ಲಿದ್ದರು. ವಿಡಿಯೋದಲ್ಲಿ ಲೋಲಾ ಕ್ಯಾಮೆರಾದ ಕಡೆ ಕಣ್ಣು ಹೊಡೆದು ಹಿತ್ತಾಳೆಯ ಗುಂಡಿ ಒತ್ತಿದಳು. ಗಂಟೆ ಬಡಿಯಿತು.

ಜಗಲಿಯಲ್ಲಿ ಪೇಪರ್ ಮಡಿಚುವ ಸದ್ದಾಯಿತು.

ಯಜಮಾನರು ಒಳಗೆ ಬಂದರು. ನನ್ನ ಮುಖವನ್ನೂ ನೋಡಲಿಲ್ಲ, ಫೋನನ್ನೂ ನೋಡಲಿಲ್ಲ. ಮೇಲಿನ ಹಲಗೆಯಿಂದ ದೊಡ್ಡ ಬಾಣಲೆ ಇಳಿಸಿ, ಧೂಳು ಒರೆಸಿ, ಒಲೆಯ ಮೇಲಿಟ್ಟು ಎಣ್ಣೆ ಹುಯ್ದರು. ಗ್ಯಾಸ್ ಹಚ್ಚಿದರು. ಕಡಲೆಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದರು.

"ಎಷ್ಟು ಜನ?" ಎಂದರು.

ನಾನು ಫೋನಿನ ಒಳಗೆ ಬಗ್ಗಿ ನೋಡಿದೆ. ಬಾಲ್ಕನಿಯೂ ತುಂಬಿತ್ತು, ದೆವ್ವದ ಸೀಟೂ ಖಾಲಿ ಇರಲಿಲ್ಲ.

"ಹೌಸ್‌ಫುಲ್" ಎಂದೆ.

ಅವರು ಡಬ್ಬಿಯನ್ನು ಅಲ್ಲಾಡಿಸಿ ನೋಡಿದರು. "ಹಿಟ್ಟು ಸಾಲಲ್ಲ ಕಣೆ. ಶೆಟ್ರ ಅಂಗಡಿಗ್ ಹೋಗ್ಬಾ."